ವಿರಾಮದ ವೇಳೆ

ಆಗೆಲ್ಲ ಅಮೆರಿಕದ ಕಾಲೇಜು ಹುಡುಗರು ಹೆಲ್ಮೆಟ್ ಇಲ್ಲದೆ, ಪೆಟ್ಟು ತಡೆಯಲೆಂದು ತಲೆತುಂಬ ಕೂದಲು ಬೆಳೆಸಿಕೊಂಡು ಫುಟ್‌ಬಾಲ್ ಆಡುತ್ತಿದ್ದರು. ಚೆಂಡನ್ನು ಎದೆಗವಚಿಕೊಂಡು ನುಗ್ಗುವುದರಲ್ಲಿ ಅವಳ ಗಂಡನನ್ನು ಮೀರಿಸುವವರಿರಲಿಲ್ಲ. ಆ ದಿನ ಎದುರಾಳಿಗಳು ಒಟ್ಟಾಗಿ ಅವನ ಮೇಲೆ ಬಿದ್ದರು. ಅವನು ಏಳುವುದು ತಡವಾಯಿತು. ವಿರಾಮವಾಗುತ್ತಲೇ ಅವಳು ಆಟಗಾರರ ಕೋಣೆಗೆ ಓಡಿದಳು.

ಅವನು ತಲೆ ತಗ್ಗಿಸಿ ಬೂಟಿನ ದಾರ ಬಿಗಿಯುತ್ತಿದ್ದ.

"ಇವರ ತಲೆಗೆ ಪೆಟ್ಟಾಗಿದೆ. ಮನೆಗೆ ಕರಕೊಂಡು ಹೋಗ್ತೀನಿ," ಎಂದಳು ತಂಡದ ನಾಯಕನಿಗೆ.

"ಒಮ್ಮೆ ಹೊರಗೆ ಹೋದವನು ಮತ್ತೆ ಆಡೋ ಹಾಗಿಲ್ಲ. ಇವನಿಲ್ಲದಿದ್ದರೆ ನಾವು ಸೋತ ಹಾಗೇ. ಆಟದ ಸಂಕೇತ ಕೇಳ್ತೀನಿ, ನೀವೇ ನೋಡಿ." ನಾಯಕ ಅವನತ್ತ ತಿರುಗಿದ. "ನಾನು ಹದಿನೇಳು ಅಂತ ಕೂಗಿದರೆ?"

"ಎಡಗಡೆಯಿಂದ ನುಗ್ಗಬೇಕು."

"ನಲವತ್ತು?"

"ಚೆಂಡು ನಿನ್ನ ಹತ್ತಿರ, ನಾನು ಸುಮ್ಮನೆ ಓಡೋ ನಾಟಕ. ಹೋದ ವಾರ ನೀನೇ ಮರೆತು ಒದೆ ತಿಂದೆಯಲ್ಲೋ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳಿಗೆ ಹೋದ ಜೀವ ಬಂದಂತಾಯಿತು.

ಅವನು ಎದ್ದು ಬಂದು, ಬಾಗಿಲಲ್ಲಿ ನಿಂತಿದ್ದ ಅವಳಿಗೆ ವಿನಯದಿಂದ ತಲೆಬಾಗಿದ. "ಮೇಡಂ, ಗ್ಯಾಲರಿಯಲ್ಲಿ ನನ್ನ ಹೆಂಡತಿ ಕೂತಿದ್ದಾಳೆ. ನನಗೇನೂ ಆಗಿಲ್ಲ ಅಂತ ಅವಳಿಗೆ ಹೇಳಿಬಿಡ್ತೀರಾ?"