ಮುಹೂರ್ತದ ಕ್ಲಿಪ್

ಮಗಳ ಮದುವೆಯ ವಿಡಿಯೊವನ್ನು ಅಪ್ಪ ಮನೆಯ ಕಂಪ್ಯೂಟರಿನಲ್ಲೇ ಎಡಿಟ್ ಮಾಡುತ್ತಿದ್ದ. ತಾಳಿ ಕಟ್ಟುವ ಕ್ಲಿಪ್ ಮಾತ್ರ ಕೈಕೊಟ್ಟಿತು. ಚಿತ್ರ ಓಡುತ್ತಿತ್ತು, ಶಬ್ದ ಇರಲಿಲ್ಲ.

“ಈ ಆಡಿಯೊ ಫಾರ್ಮ್ಯಾಟ್ ಸಪೋರ್ಟ್ ಆಗಲ್ಲ ಅಂತಿದೆ, ಹಾಳಾದ್ದು! ಗಟ್ಟಿಮೇಳ ಇಲ್ಲದೆ ಬೀಗರಿಗೆ ಹೇಗೆ ಕಳಿಸೋದು?”

“ಇನ್ನೊಂದ್ಸಲ ಹಾಕಿ,” ಎಂದಳು ಹೆಂಡತಿ.

“ಮೂಕಿ ಚಿತ್ರ ಎಷ್ಟು ಸಲ ನೋಡ್ತೀಯೆ?”

“ಹಾಕೀಂದ್ರೆ. ಮದುವೆ ಆದ್ಮೇಲೆ ಫೋನ್ ಮಾಡಿದ್ರೆ ಹೂಂ, ಉಹೂಂ ಬಿಟ್ಟು ಮಾತೇ ಇಲ್ಲ ಅವಳದ್ದು.”

ಪರದೆಯ ಮೇಲೆ ಮಗಳು ತಾಳಿಗೆ ತಲೆ ಬಗ್ಗಿಸುವ ಮೊದಲು ಪಕ್ಕದಲ್ಲಿದ್ದ ತಾಯಿಯ ಕಡೆ ತಿರುಗಿ ಏನೋ ಹೇಳಿದಳು. ತಾಯಿ ನಗುತ್ತಾ ತಲೆಯಾಡಿಸಿ ಅಕ್ಷತೆ ಹಾಕಿದಳು.

“ಅವಳು ಅಂದಿದ್ದು ನಿಮಗೆ ಕೇಳಿಸಿತ್ತಾ?”

“ಆ ವಾಲಗದಲ್ಲಿ ಯಾರಿಗೆ ಕೇಳಿಸುತ್ತೆ? ಅಪಶಕುನದ ಮಾತು ಕಿವಿಗೆ ಬೀಳಬಾರದು ಅಂತಲೇ ಗಟ್ಟಿಮೇಳ ಬಾರಿಸೋದು. ತಡಿ, ಕನ್ವರ್ಟ್ ಆಯ್ತು.”

ಡೋಲು, ನಾದಸ್ವರ ಮನೆ ತುಂಬ ಮೊಳಗಿದವು.

“ಈಗ ನೋಡು, ಏನೂ ಕೊರತೆ ಇಲ್ಲ!”

ಅವಳು ಕೈ ಚಾಚಿ ಶಬ್ದ ನಿಲ್ಲಿಸಿದಳು.

“ಅವಳ ತುಟಿ ನೋಡ್ರೀ. ‘ಬೇಡಮ್ಮಾ’ ಅಂತಿದ್ದಾಳೆ.”