ಸೊನ್ನೆ ಹೊಗೆಯ ಕಾರು

ಹೊಗೆ ತಪಾಸಣೆಯ ಹೆಂಗಸು ಅಳತೆಯ ಸಲಾಕೆಯನ್ನು ಟೈಲರನ ಕಾರಿನ ಬಲಗಡೆಯ ಸೈಲೆನ್ಸರಿಗೆ ತೂರಿಸಿ ಯಂತ್ರದ ಕಡೆ ತಿರುಗಿದಳು. ಸೊನ್ನೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಸೊನ್ನೆಯೇ. ಹದಿನೆಂಟು ವರ್ಷದ ಕಾರು, ಎಂಜಿನ್ ಗುಡುಗುಡು ಅನ್ನುತ್ತಿದೆ, ಹೊಗೆ ಮಾತ್ರ ಎಳ್ಳಷ್ಟೂ ಇಲ್ಲ!

"ಏನ್ ಭಾವ, ಗಾಳಿ ಕುಡಿದು ಗಾಳಿ ಬಿಡುತ್ತಾ ನಿಮ್ಮ ಗಾಡಿ?" ಕಾರಿನಿಂದಿಳಿದು ಬಂದ ಭಾವಮೈದ ಹುಬ್ಬೇರಿಸಿದ.

ಬೇರೆ ದಿನವಾಗಿದ್ದರೆ ಟೈಲರ್ ಈ ಮಾತಿಗೆ ಉಬ್ಬಿಹೋಗುತ್ತಿದ್ದ. ಹೆಂಡತಿಯ ಈ ತಮ್ಮ ಹತ್ತು ವರ್ಷದಿಂದ ಅವನ ಕಾರನ್ನು ಬಿಸ್ಕತ್ ಡಬ್ಬ ಅಂತಲೇ ಕರೆಯುತ್ತಾ ಬಂದಿದ್ದ. ಈ ಸಲ ಊರಿಂದ ಬಂದವನು ಕಾರು ನೋಡಿದ ಮೇಲೆ ಡಬ್ಬದ ಸುದ್ದಿಯೇ ಎತ್ತಿರಲಿಲ್ಲ. ಡ್ಯಾಶ್‌ಬೋರ್ಡಿಗೆ ತೇಗದ ಹಲಗೆ, ಬಾನೆಟ್ಟಿನ ಮೇಲೆ ಗಾಳಿ ಹೀರುವ ಎರಡು ಕಿಂಡಿ, ಹಿಂದುಗಡೆ ಮುಖ ನೋಡಿಕೊಳ್ಳಬಹುದಾದಂಥ ಜೋಡಿ ಸೈಲೆನ್ಸರು! "ಎಂಜಿನ್ನೇ ಬದಲಾಯಿಸಿಬಿಟ್ರಾ ಭಾವ?" ಅಂತ ಅವನು ಬೆರಗಿನಿಂದ ಕೇಳಿದಾಗ ಟೈಲರ್ ಹೌದು ಅಂದಿರಲಿಲ್ಲ, ಇಲ್ಲ ಅಂತಲೂ ಅಂದಿರಲಿಲ್ಲ. ಸುಮ್ಮನೆ ಮುಗುಳ್ನಕ್ಕು ಗೇರು ಹಾಕಿದ್ದ. ತೇಗ ಅನ್ನುವುದು ಅಂಟಿಸಿದ ಕಾಗದ, ಕಿಂಡಿಗಳ ಕೆಳಗೆ ತೂತೇ ಇಲ್ಲ, ಸೈಲೆನ್ಸರುಗಳನ್ನು ಒಂದು ಭಾನುವಾರ ತಾನೇ ಕೂತು ಬಂಪರಿಗೆ ಸ್ಕ್ರೂ ಹೊಡೆದು ಕೂರಿಸಿದ್ದು ಅನ್ನುವುದೆಲ್ಲ ಅವನ ಹೊಟ್ಟೆಯೊಳಗೇ ಇತ್ತು.

ಹೆಂಗಸು ಎಡಗಡೆಯ ಸೈಲೆನ್ಸರಿಗೂ ಸಲಾಕೆ ಇಟ್ಟಳು. ಅಲ್ಲೂ ಸೊನ್ನೆ. ಅಷ್ಟರಲ್ಲಿ ಮೇಲ್ವಿಚಾರಕ ಬಂದ. ಯಂತ್ರದ ತಲೆಗೆ ಎರಡೇಟು ಬಿಗಿದ. ಅದು ಜಪ್ಪಯ್ಯ ಅಂದರೂ ಸೊನ್ನೆ ಬಿಟ್ಟು ಕದಲಲಿಲ್ಲ.

"ಏನ್ ಮಾಡಿದ್ರಿ ಇದಕ್ಕೆ? ನಿನ್ನೆ ಸಂಜೆವರೆಗೂ ಚೆನ್ನಾಗಿತ್ತಲ್ರೀ!"

"ನಾನೇನೂ ಮಾಡಿಲ್ಲ ಸಾರ್. ನೀವು ಹೇಳಿಕೊಟ್ಟ ಹಾಗೇ ಇಟ್ಟಿದ್ದೀನಿ."

"ಮೂರು ವರ್ಷ ನನ್ನ ತಲೆ ತಿಂದು ಈ ಕೆಲಸಕ್ಕೆ ಬಂದ್ರಿ. ಮೊದಲನೇ ದಿನವೇ ಯಂತ್ರ ಮಲಗಿಸಿಬಿಟ್ರಿ. ಇದೆಲ್ಲ ನಿಮ್ಮ ಕೈಲಾಗಲ್ಲ, ನಾಳೆಯಿಂದ ಮತ್ತೆ ಚೀಟಿ ಕೊಡೋ ಕಿಟಕಿಗೇ ಹೋಗಿ ಕೂತ್ಕೊಳ್ಳಿ." ಆಮೇಲೆ ಟೈಲರನ ಕಡೆ ತಿರುಗಿ ದನಿ ತಗ್ಗಿಸಿದ. "ನಿಮ್ಮದು ಪಾಸು, ನೀವು ಹೊರಡಿ."

ಪಾಸು! ಗೇರು ಹಾಕಿ ಹೊರಟುಬಿಟ್ಟರೆ ಮುಗಿಯಿತು. ಭಾವಮೈದ ಊರಿಗೆ ಹೋಗಿ ಅಕ್ಕನ ಗಂಡನ ಸೊನ್ನೆ ಹೊಗೆಯ ಕಾರಿನ ಬಗ್ಗೆ ಮನೆಮನೆಗೂ ಹೇಳುತ್ತಾನೆ. ಟೈಲರ್ ಕಾರಿನ ಬಾಗಿಲವರೆಗೂ ಹೋದ. ತಿರುಗಿ ನೋಡಿದರೆ ಹೆಂಗಸು ಆ ದಿನವಷ್ಟೇ ತೊಟ್ಟಿದ್ದ ಹೊಸ ಕೈಗವಸುಗಳನ್ನು ಒಂದೊಂದೇ ಬೆರಳಾಗಿ ಬಿಚ್ಚುತ್ತಿದ್ದಳು. ಅವನ ಕಾಲು ಮುಂದೆ ಹೋಗಲಿಲ್ಲ.

"ಕೈಗವಸು ಹಾಕ್ಕೊಳ್ಳಿ ಅಕ್ಕ," ಅಂದ. "ಯಂತ್ರಕ್ಕೇನೂ ಆಗಿಲ್ಲ. ಅದು ಸೈಲೆನ್ಸರೇ ಅಲ್ಲ."

"ಮತ್ತೇನು?"

"ನಾನು ಟೈಲರು. ಕೋಟಿಗೆ ಜೇಬಿಲ್ಲದಿದ್ದರೂ ಅಂದಕ್ಕೆ ಅಂತ ಜೇಬಿನ ಪಟ್ಟಿ ಹೊಲೀತೀವಲ್ಲ... ಇದೂ ಹಾಗೇ ಅನ್ಕೊಳ್ಳಿ."

ಹೇಳಿ ಮುಗಿಸಿದವನೇ ಇಸ್ತ್ರಿ ಮಾಡಿದ ಅಂಗಿಯ ಸಮೇತ ನೆಲದ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಕೈ ಚಾಚಿದ. ಬಂಪರಿನ ಹಿಂದೆ, ತುಕ್ಕು ಹಿಡಿದು ನಾಚಿಕೊಂಡಂತೆ ನೆಲ ನೋಡುತ್ತಿದ್ದ ಹೆಬ್ಬೆರಳು ಗಾತ್ರದ ಕೊಳವೆಯೊಂದು ಪುಸುಪುಸು ಅನ್ನುತ್ತಿತ್ತು. ಹೆಂಗಸು ಅವನ ಪಕ್ಕದಲ್ಲೇ ಮಂಡಿಯೂರಿ ಸಲಾಕೆ ಇಟ್ಟಳು. ಯಂತ್ರದ ಅಂಕಿಗಳು ನಿದ್ದೆಯಿಂದ ಎದ್ದವರಂತೆ ದಡಬಡ ಓಡಿ, ಮಿತಿಯ ಗೆರೆಗಿಂತ ಎಷ್ಟೋ ಕೆಳಗೆ ನಿಂತವು.

"ಪಾಸು," ಅಂದಳು ಹೆಂಗಸು, ಮೇಲ್ವಿಚಾರಕನ ಮುಖವನ್ನೇ ನೋಡುತ್ತಾ. "ನಿಜವಾಗಲೂ ಪಾಸು." ಮೇಲ್ವಿಚಾರಕ ತಾನು ಹೊಡೆದಿದ್ದ ಜಾಗದಲ್ಲೇ ಯಂತ್ರವನ್ನು ಸವರಿದ. "ನೀವೇ ನೋಡ್ಕೊಳ್ಳಿ ಇಲ್ಲಿ," ಅಂತ ಗೊಣಗಿ ಒಳಗೆ ಹೋದ.

ಟೈಲರ್ ಮೈ ಕೊಡವಿಕೊಂಡು ಎದ್ದ. ಭಾವಮೈದನ ಮುಖ ನೋಡುವ ಧೈರ್ಯವಾಗಲಿಲ್ಲ. ಭಾವಮೈದ ಕಾರಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಇದ್ದಕ್ಕಿದ್ದಂತೆ ಅವನ ನಗು ನಿಂತಿತು.

"ತಡೀರಿ ಭಾವ. ಹಾಗಾದ್ರೆ ಎಂಜಿನ್ನು ಹಳೇದೇ?"

"ಹಳೇದೇ ಕಣೋ. ತಿಂಗಳಿಗೊಂದು ಸಲ ನಾನೇ ಬಿಚ್ಚಿ ಒರೆಸಿ ಎಣ್ಣೆ ಹಾಕ್ತೀನಿ, ಅಷ್ಟೇ."

"ನನ್ನ ಮೂರು ವರ್ಷದ ಗಾಡಿ ಹೋದ ತಿಂಗಳು ಫೇಲಾಯ್ತು! ಯಾರಿಗೂ ಹೇಳಿಲ್ಲ. ಅದನ್ನೂ ಒಂದು ಸಲ ಬಿಚ್ಚಿ ನೋಡ್ತೀರಾ?"

ಟೈಲರನಿಗೆ ಹೋದ ಜೀವ ಬಂದಂತಾಯಿತು. ಭಾವಮೈದನ ಬೆನ್ನಿಗೊಂದು ಗುದ್ದಿ, ಕಾರನ್ನು ಪಕ್ಕಕ್ಕೆ ತೆಗೆದ.

ಮುಂದಿನ ಕಾರು ಸದ್ದಿಲ್ಲದೆ ಜಾರಿಕೊಂಡು ಬಂದು ನಿಂತಿತು. ಕೂದಲೆಳೆಯಷ್ಟು ಗೀರೂ ಇಲ್ಲದ, ಹೊಚ್ಚ ಹೊಸದರಂತೆ ಹೊಳೆಯುವ ದೊಡ್ಡ ಕಾರು. ಹಿಂದೆ ಒಂದಲ್ಲ ಎರಡಲ್ಲ, ಥಳಥಳಿಸುವ ನಾಲ್ಕು ಸೈಲೆನ್ಸರು. ಹೆಂಗಸು ಸಲಾಕೆ ಹಿಡಿದು ಹೋಗುವಷ್ಟರಲ್ಲಿ ಗಾಜು ನಾಲ್ಕು ಬೆರಳಷ್ಟು ಇಳಿಯಿತು. ಕೋಟು ತೊಟ್ಟ ಯಜಮಾನರು ಆ ಕಡೆ ಈ ಕಡೆ ನೋಡಿ, ಪಿಸುಗುಟ್ಟಿದರು:

"ಅಮ್ಮಾ, ನಮ್ಮದೂ ಸ್ವಲ್ಪ ಕೆಳಗಡೆ ನೋಡಿ."