ಹಿಂದೆ ಬಿದ್ದ ಮಾತ್ರೆ

“ನನ್ನ ಕೈ ಹಿಂದ ಬೀಳಾಕತ್ತೈತೇನೋ, ವೈಜು?”

ಹೆಡ್‌ಫೋನ್ ಇಳಿಸಿ ಹಣಮಂತರಾಯ ಕಾಕಾ ಕೇಳಿದರು. ತಬಲಾದ ಮೇಲೆ ಬೆರಳು ಹಾಗೇ ನಿಂತಿದ್ದವು. ವೈಜನಾಥ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

“ವಯಸ್ಸಾತಲ್ರಿ ಕಾಕಾ,” ಅಂದುಬಿಟ್ಟ.

ಸುಳ್ಳು ಅಂತ ಅವನಿಗೇ ಗೊತ್ತಿತ್ತು. ಹಿಂದೆ ಬೀಳುತ್ತಿದ್ದದ್ದು ಕಾಕಾರ ಕೈಯಲ್ಲ. ತಾನು ಆರಿಸಿ ತಂದ ಸೌಂಡ್ ಕಾರ್ಡು.

ಕಾಕಾ ಆಂಧ್ರ ಸರ್ಕಾರದ ನೀರಾವರಿ ಕಚೇರಿಯಿಂದ ನಿವೃತ್ತರಾದವರು. ಗುರುಗಳು ಕಲಿಸಿದ ಬೋಲುಗಳನ್ನೆಲ್ಲ ಕೈ ನಡೆಯುವಾಗಲೇ ಕಂಪ್ಯೂಟರಿಗೆ ತುಂಬಿಸಬೇಕೆಂದು ಹಟ ಹಿಡಿದಿದ್ದರು. ಅಣ್ಣನ ಮಗ ವೈಜನಾಥ ಸಿಂಧನೂರಿನಿಂದ ಬಂದು ಹೈದರಾಬಾದಿನ ಮೆಹದಿಪಟ್ಟಣಂನ ಅವರ ಮನೆಯಲ್ಲೇ ಇದ್ದ. ಕೋಠಿಯಲ್ಲಿ ಕಂಪ್ಯೂಟರ್ ರಿಪೇರಿ ಕೆಲಸ. “ಸಾಮಾನು ನೀನ ತಾ, ಸಸ್ತಾದಾಗ ಬರಲಿ,” ಅಂದಿದ್ದರು ಕಾಕಾ.

ಸಾಮಾನು ತರಲು ಹೋದ ಕೋಠಿಯ ಅಂಗಡಿಯಲ್ಲಿ ಟೈ ಕಟ್ಟಿದ ಒಬ್ಬ ಹುಡುಗ ಬುದ್ಧಿ ಹೇಳಿದ್ದ. ಮೈಕು ಸಾದಾ ಇದ್ದರೂ ನಡೆಯುತ್ತದೆ, ಕಾರ್ಡು ಮಾತ್ರ ಚೆನ್ನಾಗಿರಬೇಕು. ಇಲ್ಲದಿದ್ದರೆ ಬಾರಿಸಿದ್ದು ಕಿವಿಗೆ ತಡವಾಗಿ ಬರುತ್ತದೆ. ಅಷ್ಟು ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. “ಕಹಾಂ ತಕ್ ಪಢಾ ರೇ?” ಅಂತ ಕೇಳಿದ.

ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನ ಮೈ ಉರಿಯಿತು. ಬೇಕೆಂದೇ ಉಲ್ಟಾ ಮಾಡಿದ. ಫಳಫಳ ಹೊಳೆಯುವ ದೊಡ್ಡ ಮೈಕು ಎತ್ತಿಕೊಂಡ. ಉಳಿದ ಚಿಲ್ಲರೆಗೆ ಯಾವುದೋ ಹಳೇ ಕಾರ್ಡು.

ಮೊದಲ ದಿನವೇ ಆ ಹುಡುಗನ ಮಾತು ಖರೆಯಾಯಿತು. ಹಾರ್ಮೋನಿಯಂ ಪೇಟಿಯ ಲೆಹರಾ, ತಾಳಕ್ಕೆ ಸುತ್ತಿ ಸುತ್ತಿ ಬರುವ ಒಂದೇ ಸಾಲು, ಮೊದಲೇ ತುಂಬಿಸಿ ಆಗಿತ್ತು. ಅದನ್ನು ಕೇಳುತ್ತ ಕಾಕಾ ತಬಲಾ ನುಡಿಸಬೇಕು. ಆದರೆ ಪ್ರತಿ ಪೆಟ್ಟೂ ಕಾರ್ಡಿನೊಳಗೆ ಹೊಕ್ಕು, ತಿಣುಕಿ, ತಡವಾಗಿ ಅವರ ಕಿವಿಗೆ ಬರುತ್ತಿತ್ತು. ಹೇಳಿಬಿಡಬೇಕಿತ್ತು. ಹೇಳಿದರೆ ಟೈ ಕಟ್ಟಿದವನು ಗೆದ್ದಂತೆ.

“ಹಂಗಾದ್ರ ಕಾಕು ಬರೂತನಾ ನೋಡೂಣು,” ಅಂದರು ಕಾಕಾ. “ಆಮ್ಯಾಲೆ ಈ ತಬಲಾ ಯಾರಿಗರ ಕೊಟ್ಟುಬಿಡತೀನಿ. ತಾಳದ ಮಾತ್ರಿ ತಪ್ಪೋ ಕೈಲೆ ಇದನ್ನ ಮುಟ್ಟಬಾರದು.”

ತುಳಸಾಬಾಯಿ ಕಾಕು ಅಕ್ಕನ ಕಣ್ಣಿನ ಆಪರೇಶನ್ನಿಗೆಂದು ಹಿಂದಿನ ದಿನವೇ ಕಾಚಿಗೂಡದಲ್ಲಿ ರೈಲು ಹತ್ತಿ ರಾಯಚೂರಿಗೆ ಹೋಗಿದ್ದಳು. ಬರಲು ಇನ್ನೂ ಎಂಟು ದಿನ.

ಆ ಸಂಜೆ ಅವಳ ಫೋನು ಬಂತು. ಮೂವತ್ತು ವರ್ಷ ಹೈದರಾಬಾದಿನಲ್ಲಿದ್ದು ಗಂಡ ಹೆಂಡತಿ ಇಬ್ಬರ ಕನ್ನಡಕ್ಕೂ ತೆಲುಗು ಮೆತ್ತಿಕೊಂಡಿತ್ತು.

“ಏಮಯ್ಯಾ ವೈಜನಾಥ! ನಿಮ್ಮ ಕಾಕಾಂದು ಮಾತ್ರಿ ತಪ್ಪವಲ್ದಲ್ಲ?”

ಅವಳಿಗೂ ಹೇಳಿಕೊಂಡಿದ್ದಾರೆ! ವೈಜನಾಥ ಅವಸರದಲ್ಲಿ ಅಂದ: “ಇಲ್ರಿ ಕಾಕು.”

“ನೋಡ್ಕೋಪಾ. ಅದೊಂದು ಸರಿ ಇದ್ರ ಅವರಿಗೇನೂ ಆಗಂಗಿಲ್ಲ.”

ಊಟವಾದ ಮೇಲೆ ಕಾಕಾ ನೀರಿನ ಲೋಟ ಹಿಡಿದು ಬಾಗಿಲಲ್ಲಿ ಬಂದು ನಿಂತರು.

“ವೈಜು, ಇವತ್ತ ಮಾತ್ರಿ ತಪ್ಪಿತೇನೋ?”

“ಇಲ್ರಿ ಕಾಕಾ.”

“ಖರೇನ? ನನಗ ಒಂದೂ ನೆನಪ ಉಳಿಯವಲ್ದು.”

“ನಾನ ಕಣ್ಣಾರೆ ನೋಡೀನ್ರಿ.”

ಕಾಕಾ ನೀರು ಕುಡಿದು ಮಲಗಲು ಹೋದರು.

ವೈಜನಾಥ ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಕಾಕಾ ಆಚೆ ಹೋದಾಗ ಮೌಸಿನಿಂದ ತೆರೆಯ ಮೇಲಿನ ತಬಲಾದ ದನಿಯ ಗೆರೆಯನ್ನು ಹಿಡಿದು, ಕೂದಲೆಳೆಯಷ್ಟು ಮುಂದೆ ಎಳೆದು ಲೆಹರಾಕ್ಕೆ ಕೂಡಿಸುತ್ತಿದ್ದ. ತಾಳದ ಮೊದಲ ಪೆಟ್ಟು, ಸಮ್ಮಿಗೆ ಸಮ್, ಬಂದು ಕೂರುತ್ತಿತ್ತು. ಎಂಥ ಕೈ! ಆ ಕೈಗೆ ವಯಸ್ಸಾಯಿತು ಅಂದವನು ತಾನು.

ಮರುದಿನ ಕಾಕುವಿನ ಅದೇ ಫೋನು, ಕಾಕಾರ ಅದೇ ಲೋಟ, ಅದೇ ಪ್ರಶ್ನೆ. ಅದರ ಮರುದಿನವೂ. ಒಮ್ಮೆಯಂತೂ ಒಂದೇ ಸಂಜೆ ಎರಡು ಸಲ ಕೇಳಿದರು. ತನ್ನ ಒಂದು ಮಾತು ಮುದುಕನನ್ನು ಎಷ್ಟು ಅಲುಗಾಡಿಸಿಬಿಟ್ಟಿದೆ ನೋಡು ಅಂತ ವೈಜನಾಥನಿಗೆ ಅನ್ನ ಇಳಿಯಲಿಲ್ಲ. ಕೇಳಿದಷ್ಟು ಸಲವೂ ದನಿ ಏರಿಸಿ ಧೈರ್ಯ ಹೇಳಿದ: “ಒಂದೂ ತಪ್ಪಿಲ್ರಿ ಕಾಕಾ!”

ಎಂಟನೇ ದಿನ ತಡೆಯಲಾಗಲಿಲ್ಲ. ಕೋಠಿಗೆ ಹೋಗಿ ಟೈ ಕಟ್ಟಿದವನ ಮುಂದೆ ತಲೆ ತಗ್ಗಿಸಿ ನಿಂತು, ಒಳ್ಳೆಯ ಕಾರ್ಡು ಒಂದು ದಿನದ ಮಟ್ಟಿಗೆ ಬೇಡಿ ತಂದ. ಜೋಡಿಸಿ, ಕಾಕಾರ ಕಾಲ ಬಳಿ ಕೂತ.

“ತಪ್ಪು ನಂದು ಕಾಕಾ. ನಾ ತಂದ ಡಬ್ಬಿದು. ನಿಮ್ಮ ಕೈದಲ್ಲ.”

ಕಾಕಾ ಅವನನ್ನೇ ನೋಡಿದರು. ಆಮೇಲೆ ಗಹಗಹಿಸಿ ನಕ್ಕರು.

“ಬದ್ಮಾಶ್! ಒಂದು ವಾರ ನನ್ನ ಮುದುಕ ಮಾಡಿ ಕುಂಡ್ರಿಸಿದ್ಯಲ್ಲೋ! ಹಚ್ಚು ಮಿಷನ್ನು. ತಲಿ ಭಾರ ಐತಿ, ಇರಲಿ, ನುಡಿಸೇ ಬಿಡೂಣು.”

ಅವತ್ತು ನುಡಿಸಿದಂತೆ ಕಾಕಾ ಎಂದೂ ನುಡಿಸಿರಲಿಲ್ಲ. ಬೆರಳು ಬಿದ್ದಲ್ಲೇ ನಾದ. ವೈಜನಾಥ ಕೂತಲ್ಲೇ ತಾಳ ಹಾಕತೊಡಗಿದ. ನಾಲ್ಕನೇ ಆವರ್ತನದಲ್ಲಿ ಬಲಗೈ ನಿಂತಿತು. ಕಾಕಾರ ಬಾಯಿ ಒಂದು ಕಡೆ ಎಳೆಯಿತು. ಹೆಡ್‌ಫೋನಿನ ಸಮೇತ ಅವರು ತಬಲಾದ ಮೇಲೆ ವಾಲಿದರು.

ಮರುದಿನ ಬೆಳಿಗ್ಗೆ ಕಾಕು ರೈಲಿಳಿದು, ಮನೆಗೆ ಹೋಗಿ, ಅಲ್ಲಿಂದ ಆಸ್ಪತ್ರೆಗೆ ಬಂದಳು. ಕಾಕಾ ಒಳಗಿದ್ದರು; ಮಾತಿಲ್ಲ, ಬಲಗೈ ಆಡದು. ವೈಜನಾಥ ಅವಳ ಕಾಲು ಹಿಡಿದುಕೊಂಡ.

“ನಾನ ಕಾರಣ ಕಾಕು. ಕೈ ಹಿಂದ ಬೀಳ್ತೈತಿ ಅಂತ ಸುಳ್ಳು ಹೇಳಿದೆ. ಮನಸ್ಸಿಗೆ ಹಚ್ಚಿಕೊಂಡ್ರು.”

“ಕೈ ಸುದ್ದಿ ಯಾರು ಕೇಳಿದ್ರೋ?” ಕಾಕು ಕಾಲು ಬಿಡಿಸಿಕೊಂಡಳು. “ಅವರಿಗೆ ಮರವು. ನಾ ಇಲ್ಲಂದ್ರ ನಿನ್ನನ್ನ ಕೇಳಬೇಕು ಅವರು. ದಿನಾ ಫೋನಿನ್ಯಾಗ ಕೇಳಿದೆ, ಮಾತ್ರಿ ತಪ್ಪಿಲ್ಲ ಅಂದಿ!”

ಮುಚ್ಚಿದ ಮುಷ್ಟಿ ಬಿಚ್ಚಿದಳು. ಬಿ.ಪಿ. ಮಾತ್ರೆಯ ಪಟ್ಟಿ. ಒಂದನ್ನೂ ಒಡೆದಿರಲಿಲ್ಲ.

ವೈಜನಾಥನ ಊರಲ್ಲಿ ಅದಕ್ಕೆ ಗುಳಿಗಿ ಅನ್ನುತ್ತಾರೆ.